ಫೆಬ್ರವರಿಯ ಹಾಳೆ

ಮೇ 14, 1945, ಸೋಮವಾರ

ಇಂದಿನ ರೈಲಿನಲ್ಲೂ ನನ್ನ ಮಗ ರೆಮಿ ಬರಲಿಲ್ಲ. ಜರ್ಮನಿಯಿಂದ ಹಿಂದಿರುಗಿದವರು ಆರೇಳು ಜನ ಇಳಿದರು. ಬ್ರೆಡ್ಡಿನಂಗಡಿಯವಳ ತಮ್ಮನೂ ಇದ್ದ. ಅವಳು ಅವನ ಗುರುತು ಸಿಗದೆ ಪಕ್ಕದವನನ್ನು ಅಪ್ಪಿಕೊಂಡಳು. ನಿಂತವರೆಲ್ಲ ನಕ್ಕರು, ಆಮೇಲೆ ಅತ್ತರು. ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ಇದ್ದು ಬಂದೆ. ಸೊಸೆ ಸೊಲಾಂಜ್ ಬಂದಿರಲಿಲ್ಲ. ತಲೆನೋವಂತೆ. ಗಂಡ ಬರುವ ರೈಲಿಗೆ ತಲೆನೋವು.

ಸಂಜೆ ಫಾದರ್ ಫೆರಿಯೋಲ್ ನಮ್ಮ ಪುಸ್ತಕ ಕಟ್ಟುವ ಅಂಗಡಿಗೆ ಬಂದರು. ಕೆಥೆಡ್ರಲ್‌ನ ಗ್ರಂಥಾಲಯ ನೋಡಿಕೊಳ್ಳುವವರು ಅವರೇ. ಈಗ ನೋಡಿಕೊಳ್ಳಲು ಹೆಚ್ಚೇನೂ ಉಳಿದಿಲ್ಲ. ಕಳೆದ ಜೂನ್‌ನಲ್ಲಿ ಬಿದ್ದ ಬಾಂಬಿಗೆ ಗ್ರಂಥಾಲಯ ಎರಡು ದಿನ ಉರಿಯಿತು. ಹತ್ತು ಹೆಜ್ಜೆ ಆಚೆಗಿದ್ದ ಕೆಥೆಡ್ರಲ್‌ಗೆ ಏನೂ ಆಗಲಿಲ್ಲ. ಅವರ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಕಪ್ಪು ಗಡ್ಡೆ.

"ಕಲ್ಲಿದ್ದಲಾ ಫಾದರ್?"

"ಕಲ್ಲಿದ್ದಲಾಗಿದ್ರೆ ನಿಮಗೆ ಯಾಕೆ ತರ್ತಿದ್ದೆ ಮದಾಮ್ ಬ್ರುನೆಲ್? ಸದ್ದಿಲ್ದೆ ನನ್ನ ಒಲೆಗೆ ಹಾಕ್ಕೋತಿದ್ದೆ. ಇದು ಪುಸ್ತಕ."

ಕರುವಿನ ಚರ್ಮದ ಹಾಳೆಗಳು ಬೆಂಕಿಯಲ್ಲಿ ಮುದುಡಿ ಒಂದಕ್ಕೊಂದು ಕಚ್ಚಿಕೊಂಡಿವೆ. ಬೆರಳಲ್ಲಿ ತಟ್ಟಿದರೆ ಕೊಂಬು ತಟ್ಟಿದಂತೆ ಸದ್ದು. ಹಾಳೆಗಳನ್ನು ಬಿಡಿಸಿಕೊಡಬೇಕಂತೆ. ನನ್ನ ಗಂಡ ಇದ್ದಾಗ ಗ್ರಂಥಾಲಯದ ಪುಸ್ತಕ ಕಟ್ಟುವ ಕೆಲಸ ಅವರದಾಗಿತ್ತು, ಅವರ ನಂತರ ರೆಮಿಯದು. ನಾನು ಹೊಲಿಗೆ ಹಾಕುವವಳು ಮಾತ್ರ.

"ಇಟ್ಟು ಹೋಗಿ. ರೆಮಿ ಬಂದ್ಮೇಲೆ ಮಾಡ್ತಾನೆ" ಎಂದೆ.

ಅವರು ಪೆಟ್ಟಿಗೆಯನ್ನು ನನ್ನತ್ತ ತಳ್ಳಿದರು. "ದಿನಾ ಅಂಚು ಪುಡಿಯಾಗಿ ಉದುರ್ತಿದೆ. ಅಲ್ಲಿವರೆಗೆ ನೀವೇ ಶುರು ಮಾಡಿ."

ರೆಮಿಯ ಕೊನೆಯ ಪತ್ರ ಬಂದದ್ದು ಜನವರಿಯಲ್ಲಿ. ಕಾರ್ಖಾನೆಯ ಚಳಿಗೆ ಕೈ ಒಡೆದಿದೆ, ಚೆನ್ನಾಗಿದ್ದೇನೆ ಎಂದಿದ್ದ. ಜರ್ಮನರು ಅವನನ್ನು ಅಲ್ಲಿಗೆ ಕೂಲಿಗೆಂದು ಎಳೆದೊಯ್ದು ಎರಡು ವರ್ಷವಾಯಿತು. ಅವನಿಗೆ ಚಳಿ ಆಗಿಬರುವುದಿಲ್ಲ. ಬಂದ ಕೂಡಲೇ ಬಾತುಕೋಳಿಯ ಕೊಬ್ಬು ಹಚ್ಚಿದರೆ ಕೈ ಸರಿಹೋಗುತ್ತದೆ.

ಜೂನ್ 2

ತಗಡಿನ ಡಬ್ಬಿಯ ತಳದಲ್ಲಿ ಒದ್ದೆ ಉಣ್ಣೆಬಟ್ಟೆ ಹಾಸಿ, ಮೇಲೆ ತಂತಿಯ ಜಾಲರಿ ಇಟ್ಟು, ಅದರ ಮೇಲೆ ಗಡ್ಡೆಯನ್ನು ಕೂರಿಸಿದೆ. ಬೆಳಿಗ್ಗೆ ಇಟ್ಟು ಮಧ್ಯಾಹ್ನಕ್ಕೆ ತೆಗೆಯಬೇಕು. ತೇವಕ್ಕೆ ಮೇಲಿನ ಹಾಳೆ ಮೆತ್ತಗಾದಾಗ ಮೂಳೆಯ ಕಡ್ಡಿ ತೂರಿಸಿ ಬಿಡಿಸಬೇಕು. ಅವಸರ ಮಾಡುವಂತಿಲ್ಲ. ಚರ್ಮವನ್ನು ಬೇಯಿಸಿಯೇ ನಾವು ಅಂಟು ಮಾಡುವುದು. ಇದಂತೂ ಅರ್ಧ ಬೆಂದಿರುವ ಚರ್ಮ, ನೀರು ಹೆಚ್ಚಾದರೆ ಕರಗುತ್ತದೆ.

ಫಾದರ್ ಭೂತಗನ್ನಡಿ ಹಿಡಿದು ಗಡ್ಡೆಯ ಸುತ್ತ ನೋಡಿದರು. ಇದು ಕೆಥೆಡ್ರಲ್‌ನ ಮೃತರ ಪುಸ್ತಕ, ಏಳುನೂರು ವರ್ಷ ಹಳೆಯದು. ದಿನಕ್ಕೊಂದು ಪುಟ. ಯಾವ ವರ್ಷ ಸತ್ತರೂ ಸತ್ತ ದಿನದ ಪುಟದಲ್ಲಿ ಹೆಸರು ಬರೆಯುವುದು, ಪ್ರತಿದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಆ ದಿನದ ಹೆಸರುಗಳನ್ನು ಗಟ್ಟಿಯಾಗಿ ಓದುವುದು. ಆ ಪದ್ಧತಿ ನಿಂತು ನೂರೈವತ್ತು ವರ್ಷವಾಗಿದೆ. ಫಾದರ್ ಅದನ್ನು ಮತ್ತೆ ಶುರು ಮಾಡುತ್ತಾರಂತೆ.

"ಬಾಂಬು ಬಿದ್ದ ದಿನ ನಮ್ಮೂರಲ್ಲಿ ಸತ್ತೋರ ಹೆಸರು ಯಾರು ಓದ್ತಾರೆ ಮದಾಮ್? ಇದನ್ನ ಬಿಡಿಸಿದ್ರೆ, ಅವರನ್ನೂ ಇದರ ಜೊತೆ ಸೇರಿಸಬಹುದು."

ಜನವರಿ ಪೂರ್ತಿ, ಫೆಬ್ರವರಿಯ ಮೂರನೆಯ ವಾರದವರೆಗೆ ಇದ್ದಿಲಾಗಿದೆ. ಮುಂಭಾಗ ಹೆಚ್ಚು ಬೆಂದಿರುವುದರಿಂದ ಹಿಂದಿನಿಂದ ಬಿಡಿಸುತ್ತ ಬರಬೇಕು, ಮುಂಭಾಗವನ್ನು ಕೊನೆಗೆ ಮುಟ್ಟಬೇಕು ಎಂದು ಮಾತಾಯಿತು.

ಜೂನ್ 19

ನವೆಂಬರಿನ ಒಂದು ಹಾಳೆ ಇಡಿಯಾಗಿ ಬಂತು! ಅಂಗೈಯಷ್ಟಕ್ಕೆ ಕುಗ್ಗಿದೆ, ಅಕ್ಷರಗಳೂ ಅದರ ಜೊತೆಯೇ ಕುಗ್ಗಿ ಇರುವೆಗಳಂತಾಗಿವೆ. ಆದರೂ ಓದಲು ಬರುತ್ತದೆ. ಫಾದರ್ ಲ್ಯಾಟಿನ್ ಓದಿ ಹೇಳಿದರು. ಒಬ್ಬ ಬಿಷಪ್. ಅವರ ಕೆಳಗೆ ಗಂಟೆ ಬಾರಿಸುವವನೊಬ್ಬ. ಆಮೇಲೆ ಎರ್ಮೆಂಗಾರ್ದ್ ಎಂಬ ಬಟ್ಟೆ ಒಗೆಯುವವಳು. ಕೊನೆಗೆ ಅರ್ಧ ದ್ರಾಕ್ಷಿತೋಟವನ್ನು ಕೆಥೆಡ್ರಲ್‌ಗೆ ಬಿಟ್ಟುಹೋದ ಒಬ್ಬ ಸಾಹುಕಾರ.

"ಅರ್ಧ ತೋಟ ಕೊಟ್ಟಿದಾನೆ. ಅರ್ಧ ಪ್ರಾರ್ಥನೆ ಸಾಕು" ಎಂದರು ಫಾದರ್.

ಹೇಗೆ ಬಿಡಿಸಿದೆ ಎಂದು ರೆಮಿಗೆ ಹೇಳಬೇಕು. ಅವನು ನಂಬುವುದಿಲ್ಲ. ನಿನ್ನ ಕೈ ಒರಟು ಅಮ್ಮ ಎನ್ನುತ್ತಾನೆ.

ಇಂದಿನ ರೈಲಿನಲ್ಲಿ ಇಬ್ಬರೇ ಇಳಿದರು.

ಆಗಸ್ಟ್ 8

ಕೆಥೆಡ್ರಲ್‌ನ ಬಣ್ಣದ ಗಾಜುಗಳನ್ನು ಯುದ್ಧಕ್ಕೆ ಮೊದಲೇ ಬಿಚ್ಚಿ ದೂರದ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಈಗ ಮತ್ತೆ ಕೂರಿಸುತ್ತಿದ್ದಾರೆ. ಆ ಕೆಲಸಕ್ಕೆ ಬಂದ ಗಾಸ್ತೋನ್ ಎಂಬವನು ಇಂದು ನಮ್ಮ ಬಾಗಿಲಿಗೆ ಬಂದಿದ್ದ. ಹೆಂಡತಿ ತೀರಿಕೊಂಡವನು, ಮೂವತ್ತೈದರ ಆಸುಪಾಸು, ದೊಡ್ಡ ಕಿವಿ.

"ಮದಾಮ್, ಒಂದು ಮೊಲ ತಂದಿದೀನಿ."

"ಯಾರಿಗೆ?"

"ಮನೆಗೆ."

"ಮನೇಲಿ ಯಾರಿಗೆ?"

ಆ ಕಿವಿ ಎರಡೂ ಕೆಂಪಾದವು. ಸೊಲಾಂಜ್ ಮೆಟ್ಟಿಲ ಮೇಲೆ ನಿಂತು ನೆಲ ನೋಡುತ್ತಿದ್ದಳು. ಸಾಸಿವೆ ಹಚ್ಚಿ ಬೇಯಿಸಿದಳು. ಮೊಲ ಚೆನ್ನಾಗಿತ್ತು. ಅದಕ್ಕೇ ಸಿಟ್ಟು ಬಂತು.

ಸೆಪ್ಟೆಂಬರ್ 3, ಸೋಮವಾರ

ಆನ್ಸೆಲ್ಮ್ ಬಂದಿದ್ದ. ರೆಮಿಯ ಜೊತೆ ಅದೇ ಕಾರ್ಖಾನೆಯಲ್ಲಿದ್ದವನು. ಇಷ್ಟು ದಿನ ಎದೆಯ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದನಂತೆ. ಕುರ್ಚಿಯ ತುದಿಯಲ್ಲಿ ಕುಳಿತ. ಸೂಪ್ ಕೊಟ್ಟೆ. ಮುಗಿಸಿ ಬಟ್ಟಲು ಕೆಳಗಿಟ್ಟ.

"ಅಮ್ಮಾ, ಫೆಬ್ರವರೀಲಿ ವಿಮಾನ ಬಂದ್ವು. ರೆಮಿಯವರ ಶೆಡ್ಡಿನೋರು ನೆಲಮಾಳಿಗೆಗೆ ಇಳಿದ್ರು. ನಾವು ಹೊಲಕ್ಕೆ ಓಡಿದ್ವಿ. ಬಾಂಬು ನೆಲಮಾಳಿಗೆ ಮೇಲೇ ಬಿತ್ತು."

"ನೀನು ನೋಡಿದೆಯಾ?"

"ನೆಲಮಾಳಿಗೆ ನೋಡ್ದೆ."

"ಅವನನ್ನ?"

"ಒಳಗಿದ್ದೋರನ್ನ ನೋಡೋ ಹಾಗಿರ್ಲಿಲ್ಲ ಅಮ್ಮಾ."

"ಹಾಗಾದ್ರೆ ನೋಡಿಲ್ಲ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ. ಯಾವತ್ತು ಎಂದು ಸೊಲಾಂಜ್ ಕೇಳಿದಳು. ಇಪ್ಪತ್ತು ಇರಬೇಕು ಎಂದ, ಇಲ್ಲ ಇಪ್ಪತ್ತೊಂದು. ಮಂಗಳವಾರವೋ ಬುಧವಾರವೋ. ಅಲ್ಲಿ ದಿನಗಳಿಗೆ ಹೆಸರಿರಲಿಲ್ಲ ಎಂದ.

ದಿನವೇ ಸರಿಯಾಗಿ ಗೊತ್ತಿಲ್ಲದವನ ಮಾತನ್ನು ಹೇಗೆ ನಂಬುವುದು?

ಸೆಪ್ಟೆಂಬರ್ 5

ಕೆಲಸ ಮಾಡಲಿಲ್ಲ. ಸ್ಟೇಷನ್ನಿಗೆ ಹೋಗಿ ಬಂದೆ.

ಸೆಪ್ಟೆಂಬರ್ 8, ಶನಿವಾರ

ಫಾದರ್ ಪ್ಯಾರಿಸ್‌ಗೆ ಹೋಗಿದ್ದಾರೆ, ಬರುವುದು ಮುಂದಿನ ವಾರ. ಹಿಂದಿನಿಂದ ಜುಲೈವರೆಗೆ ಬಿಡಿಸಿಯಾಗಿದೆ. ಇಂದು ಗಡ್ಡೆಯನ್ನು ಮಗುಚಿ ಇಟ್ಟೆ. ಮುಂಭಾಗ ಹೇಗಿದೆ ಎಂದು ನೋಡುವುದಕ್ಕೆ, ಅಷ್ಟೇ. ಇದ್ದಿಲನ್ನು ಕುಂಚದಿಂದ ತೆಗೆದಾಗ ಕೆಳಗಿನ ಹಾಳೆಯ ಮುದುಡಿ ಮೇಲೆದ್ದ ಅಂಚಿನಲ್ಲಿ ಕೆಂಪು ಶಾಯಿಯ ಅಂಕಿ ಕಂಡಿತು. ಒಂದು ಮಗ್ಗುಲು ಫೆಬ್ರವರಿ ಇಪ್ಪತ್ತು, ಇನ್ನೊಂದು ಮಗ್ಗುಲು ಇಪ್ಪತ್ತೊಂದು. ಉಳಿದವುಗಳಲ್ಲಿ ಮೊದಲನೆಯ ಹಾಳೆಯೇ ಅದು.

ಯಾರು ಯಾರಿದ್ದಾರೋ ಅಲ್ಲಿ. ಸುಮ್ಮನೆ ಕುತೂಹಲ.

ಡಬ್ಬಿಯಲ್ಲಿಟ್ಟು ಮಧ್ಯಾಹ್ನಕ್ಕೆ ತೆಗೆದು ನೋಡಿದರೆ ಒಂದಿಷ್ಟೂ ಸಡಿಲವಾಗಿರಲಿಲ್ಲ. ಉಣ್ಣೆಬಟ್ಟೆ ಇನ್ನೊಂದು ಪದರ ಸೇರಿಸಿ, ಚೆನ್ನಾಗಿ ನೆನೆಸಿ, ಮುಚ್ಚಳ ಹಾಕಿದ್ದೇನೆ. ನಾಳೆ ಭಾನುವಾರ. ಸೋಮವಾರ ಬೆಳಿಗ್ಗೆ ಸುಲಭವಾಗಿ ಬರಬೇಕು.

ಸೆಪ್ಟೆಂಬರ್ 10, ಸೋಮವಾರ

ಮುಚ್ಚಳ ತೆಗೆದಾಗ ವಾಸನೆಯಲ್ಲೇ ಗೊತ್ತಾಯಿತು. ಅಂಟು ಕಾಯಿಸುವ ವಾಸನೆ.

ಹಾಳೆ ಕರಗಿ ಲೋಳೆಯಾಗಿತ್ತು. ಕಡ್ಡಿ ತಾಗಿಸುವಷ್ಟರಲ್ಲಿ ಮಡಿಸಿಕೊಂಡು ಜಾರಿತು. ಅಕ್ಷರಗಳು ಮೊದಲು ಕಂಡವು, ಸಾಲುಸಾಲಾಗಿ, ಹತ್ತು ಹನ್ನೆರಡು ಹೆಸರುಗಳಿರಬೇಕು. ನೋಡುತ್ತಿದ್ದಂತೆ ಶಾಯಿ ತೇಲಿ ಒಂದಕ್ಕೊಂದು ಬೆರೆಯಿತು. ನೀರು ಹೀರುವ ಒತ್ತುಕಾಗದ ತರಲು ತಿರುಗಿದೆ. ತಂದು ಒತ್ತಿದರೆ ಕಾಗದಕ್ಕೆ ಕಂದು ಬಣ್ಣ ಹತ್ತಿತು, ಮತ್ತೇನಿಲ್ಲ. ಕೆಳಗಿನ ಹಾಳೆ, ಇಪ್ಪತ್ತೆರಡು, ಗಟ್ಟಿಯಾಗಿಯೇ ಇದೆ. ಹೋದದ್ದು ಅದೊಂದೇ.

ಬೆರಳುಗಳು ಇನ್ನೂ ಅಂಟುತ್ತಿವೆ.

ಸೆಪ್ಟೆಂಬರ್ 15

ಫಾದರ್‌ಗೆ ಹೇಳಿದೆ. ಅವರು ಕುಳಿತಲ್ಲಿಂದ ಎದ್ದರು.

"ಹಿಂದಿನಿಂದ ಬನ್ನಿ ಅಂದಿದ್ದೆ."

"ಹೌದು ಫಾದರ್."

"ಮುಂಭಾಗ ಮುಟ್ಟಬೇಡಿ ಅಂದಿದ್ದೆ."

"ಹೌದು."

"ಬೆಂಕಿಯಿಂದ ತಪ್ಪಿಸ್ಕೊಂಡು ಬಂದಿದ್ರು ಅವರು! ರಾಜಂಗೆ ಹೆದರ್ಲಿಲ್ಲ, ಕ್ರಾಂತಿಗೆ ಹೆದರ್ಲಿಲ್ಲ, ಬಾಂಬಿಗೂ ಸಾಯ್ಲಿಲ್ಲ. ನಿಮ್ಮ ಒಂದು ಭಾನುವಾರಕ್ಕೆ ಹೋದ್ರು!"

ಬಾಗಿಲವರೆಗೆ ಹೋಗಿ ನಿಂತರು. ಯಾಕೆ ಮಗುಚಿದಿರಿ ಎಂದು ಕೇಳಿದರು. ಆನ್ಸೆಲ್ಮ್ ಬಂದಿದ್ದ ಎಂದೆ. ಅವನು ಹೇಳಿದ ದಿನಗಳನ್ನೂ ಹೇಳಿದೆ. ಅವರು ಹೊರಟುಹೋದರು. ಕೊಡೆ ಇಲ್ಲೇ ಉಳಿದಿದೆ.

ಅಕ್ಟೋಬರ್ 7

ಫಾದರ್ ದಿನಾ ಬರುತ್ತಾರೆ, ಹೆಸರು ಬರೆದುಕೊಂಡು ಹೋಗುತ್ತಾರೆ. ಅಗತ್ಯವಿದ್ದಷ್ಟೇ ಮಾತು. ಮೇ ತಿಂಗಳ ಹಾಳೆಗಳು ಮುಗಿಯುತ್ತ ಬಂದವು.

ಗಾಸ್ತೋನ್ ಮದುವೆ ಕೇಳಿದ್ದಾನೆಂದು ಸೊಲಾಂಜ್ ಇಂದು ಬಾಯಿಬಿಟ್ಟಳು. ರೆಮಿ ಸತ್ತಿದ್ದಾನೆಂದು ಕೋರ್ಟು ತೀರ್ಪು ಕೊಡದೆ ಅವಳು ಮದುವೆಯಾಗುವಂತಿಲ್ಲ. ಕೋರ್ಟಿನವರು ತಾಯಿಯನ್ನೂ ಕೇಳುತ್ತಾರಂತೆ. ತಾಯಿ ಒಪ್ಪದಿದ್ದರೆ ಎಷ್ಟು ವರ್ಷ ಕಾಯಬೇಕೋ.

"ಅವನು ಬಂದ್ರೆ ಏನು ಹೇಳ್ತೀಯ? ಬಾ, ಗಾಸ್ತೋನ್ ಪಕ್ಕ ಕೂತ್ಕೋ ಅಂತೀಯಾ?"

"ಅತ್ತೆ, ಆನ್ಸೆಲ್ಮ್ ಹೇಳಿದ್ದು ನೀವೂ ಕೇಳಿದ್ರಿ."

"ಅವನು ನೋಡಿಲ್ಲ."

"ಕರಗಿಹೋದ ಆ ಹಾಳೇಲಿ ಯಾರಿದ್ರು ಅಂತ ನೀವು ನೋಡಿದ್ರಾ? ಅವರಿಗೋಸ್ಕರ ಒಂದು ತಿಂಗಳಿಂದ ಅಳ್ತಿದೀರಿ. ಅವರು ಇದ್ರು ಅಂತ ಹೇಗೆ ಗೊತ್ತು?"

ನಾನು ಅಳುತ್ತಿರಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡೇ ಇರುತ್ತೇನೆ. ಇವಳಿಗೆ ಹೇಗೆ ಗೊತ್ತು?

"ನನಗೆ ಇಪ್ಪತ್ತೇಳು ಅತ್ತೆ" ಎಂದಳು. "ನಾನೂ ಅವನಿಗೋಸ್ಕರ ಕಾದಿದೀನಿ. ನೀವೊಬ್ರೇ ಅಲ್ಲ."

ಮೇಲಕ್ಕೆ ಹೋದಳು. ಅವಳ ಪಾಲಿನ ಸೂಪ್ ಒಲೆಯ ಮೇಲೆಯೇ ಆರಿತು. ಆಮೇಲೆ ಬಿಸಿ ಮಾಡಿ ಮೇಲಕ್ಕೆ ಕೊಟ್ಟು ಬಂದೆ. ಬಾಗಿಲ ಹೊರಗೆ ಇಟ್ಟೆ, ಒಳಗೆ ಹೋಗಲಿಲ್ಲ.

ನವೆಂಬರ್ 2

ಸತ್ತವರ ಹಬ್ಬ. ಊರಿಗೆ ಊರೇ ಸೇವಂತಿಗೆ ಕುಂಡ ಹಿಡಿದು ಸ್ಮಶಾನದಲ್ಲಿತ್ತು. ಗಂಡನ ಸಮಾಧಿ ತೊಳೆದು ಕುಂಡ ಇಟ್ಟೆ. ಹೊರಡುವಾಗ ನೋಡಿದರೆ ಗೋಡೆಯ ಬಳಿ ಸೊಲಾಂಜ್ ನಿಂತಿದ್ದಳು, ಎದೆಗೆ ಒಂದು ಬಿಳಿ ಕುಂಡ ಅವುಚಿಕೊಂಡು. ಎಲ್ಲಿಡಬೇಕೆಂದು ಗೊತ್ತಾಗದೆ ಈ ಸಾಲಿಂದ ಆ ಸಾಲಿಗೆ ನಡೆದಿದ್ದಳಂತೆ. ಗಾಸ್ತೋನ್ ಗೇಟಿನ ಆಚೆ ಬೀದಿಯಲ್ಲಿ ಟೋಪಿ ತೆಗೆದು ನಿಂತಿದ್ದ. ಒಳಗೆ ಬಂದಿರಲಿಲ್ಲ.

"ಇಲ್ಲಿ ಕೊಡು" ಎಂದೆ. ರೆಮಿಯ ಅಪ್ಪನ ಕಲ್ಲಿನ ಮೇಲೆ ಜಾಗ ಮಾಡಿ ಇಟ್ಟೆವು. ಚಳಿಯಿತ್ತು.

ರೆಮಿಗೆ ಸೇವಂತಿಗೆಯ ವಾಸನೆ ಆಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಮೂಗು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಿದ್ದ. ಅದನ್ನು ಹೇಳಿದೆ. ಸೊಲಾಂಜ್ ನಕ್ಕುಬಿಟ್ಟಳು, ನಗುವಾಗಲೇ ನನ್ನ ಭುಜಕ್ಕೆ ಒರಗಿದಳು. ಹಗುರವಾಗಿದ್ದಾಳೆ. ಸರಿಯಾಗಿ ತಿನ್ನುತ್ತಿಲ್ಲ ಇವಳು.

ನವೆಂಬರ್ 20

ಸ್ಟೇಷನ್ನಿಗೆ ಹೋಗಿ ಎಷ್ಟು ದಿನವಾಯಿತೆಂದು ಬ್ರೆಡ್ಡಿನಂಗಡಿಯವಳು ಕೇಳಿದಳು. ಕೆಲಸ ಹೆಚ್ಚಿದೆ ಎಂದೆ. ನಿಜವೇ. ಮಾರ್ಚ್ ತಿಂಗಳ ಹಾಳೆಗಳು ಬಹಳ ಗಟ್ಟಿ.

ಡಿಸೆಂಬರ್ 6

ಕೋರ್ಟಿಗೆ ಹೋಗಿದ್ದೆವು. ಆನ್ಸೆಲ್ಮ್ ತನಗೆ ಗೊತ್ತಿದ್ದಷ್ಟು ಹೇಳಿದ, ಕೆಮ್ಮುತ್ತ. ನ್ಯಾಯಾಧೀಶರು ನನ್ನತ್ತ ತಿರುಗಿ, ತಾಯಿಯ ಆಕ್ಷೇಪಣೆ ಇದೆಯೇ ಎಂದರು.

ಇಲ್ಲ ಎಂದೆ. ಸದ್ದು ಹೊರಡಲಿಲ್ಲ ಎಂದು ಕಾಣುತ್ತದೆ, ಅವರು ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಸತ್ತ ದಿನ ಫೆಬ್ರವರಿ ಇಪ್ಪತ್ತೆಂಟು ಎಂದು ಬರೆಸಿದರು. ಹೊರಗೆ ಬಂದು ಗುಮಾಸ್ತನನ್ನು ಹಿಡಿದೆ.

"ಇಪ್ಪತ್ತೆಂಟು ಅಂತ ಯಾರು ಹೇಳಿದ್ರು?"

"ದಿನ ಖಚಿತ ಇಲ್ದಿದ್ರೆ ತಿಂಗಳ ಕೊನೇ ದಿನ ಹಾಕ್ತೀವಿ ಮದಾಮ್. ಎಲ್ರಿಗೂ ಹಾಗೇ."

ಎಲ್ಲರಿಗೂ ಹಾಗೆಯೇ! ಅವನು ಹುಟ್ಟಿದ್ದು ಏಪ್ರಿಲ್ ಒಂಬತ್ತು, ಸೂರ್ಯ ಹುಟ್ಟುವ ಹೊತ್ತಿಗೆ. ಅದು ನನಗೆ ಗೊತ್ತು, ಅಲ್ಲಿ ನಾನಿದ್ದೆ.

ದಾರಿಯಲ್ಲಿ ಸೊಲಾಂಜ್ ನನ್ನ ತೋಳು ಹಿಡಿದುಕೊಂಡಳು. "ಮದುವೆ ಆದ್ಮೇಲೂ ನಿಮ್ಮನ್ನ ಅತ್ತೆ ಅಂತಾನೇ ಕರೀತೀನಿ."

"ಮತ್ತಿನ್ನೇನು ಕರೀತೀಯ? ಈ ವಯಸ್ಸಲ್ಲಿ ಹೊಸ ಹೆಸರಿಗೆ ಓಗೊಡೋಕೆ ನನ್ನ ಕೈಲಾಗಲ್ಲ."

ಅವನಿಗೂ ನಾಳೆ ಊಟಕ್ಕೆ ಬರಲು ಹೇಳಬೇಕು, ಆ ಕಿವಿಯವನಿಗೆ.

ಜನವರಿ 24, 1946

ಕೊನೆಯ ಹಾಳೆ ಬಿಡಿಸಿಯಾಯಿತು. ಫಾದರ್ ಹೊಸ ಪುಸ್ತಕಕ್ಕೆ ಕಾಗದ ತಂದುಕೊಟ್ಟಿದ್ದರು. ಹೊಲಿದು, ರಟ್ಟು ಕಟ್ಟಿ ಕೊಟ್ಟಿದ್ದೆ. ಹಳೆಯದರಲ್ಲಿ ಸಿಕ್ಕ ಹೆಸರುಗಳನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ಬಾಂಬಿಗೆ ಸತ್ತ ನಮ್ಮೂರವರನ್ನೂ ಸೇರಿಸಿದ್ದಾರೆ. ಇಂದು ಅದನ್ನು ತಂದು ಮೇಜಿನ ಮೇಲೆ ತೆರೆದಿಟ್ಟರು. ಫೆಬ್ರವರಿ ಇಪ್ಪತ್ತರ ಪುಟ ಖಾಲಿ.

"ನಿಮ್ಮ ಮಗ ಗ್ರಂಥಾಲಯದ ಪುಸ್ತಕ ಕಟ್ಟಿದೋನು. ಪುಸ್ತಕ ಕಟ್ಟಿದೋರು ಇದರಲ್ಲಿ ಇದಾರೆ, ನೀವೇ ಬಿಡಿಸಿದೀರಿ. ಅವನ ಹೆಸರೂ ಬರೀಬೇಕು. ಯಾವ ಪುಟದಲ್ಲಿ ಬರೀಲಿ, ನೀವು ಹೇಳಿ."

"ಕೋರ್ಟು ಇಪ್ಪತ್ತೆಂಟು ಅಂದಿದೆ."

"ಅದು ನಗರಸಭೆಯ ಲೆಕ್ಕ. ಇಪ್ಪತ್ತೆಂಟರಲ್ಲಿ ನಾಲ್ಕು ಜನ ಬಿಷಪ್ಪರು ಇದಾರೆ ಮದಾಮ್. ಅವರ ಮಧ್ಯೆ ಕೂತ್ರೆ ಹುಡುಗನಿಗೆ ಬೇಜಾರಾಗುತ್ತೆ."

ಖಾಲಿ ಪುಟ ನೋಡುತ್ತ ಕುಳಿತೆ. ಅಲ್ಲಿದ್ದವರನ್ನು ಅಳಿಸಿದವಳು ನಾನು. ಅವರ ಜಾಗದಲ್ಲಿ ನನ್ನ ಮಗನನ್ನು ಕೂರಿಸುವುದೇ? ಹಾಗೆಂದು ಕೇಳಿದೆ.

"ಜಾಗದಲ್ಲಿ ಅಲ್ಲ. ಜೊತೆಯಲ್ಲಿ" ಎಂದರು. "ಹೆಸರು ಹೋಗಿದೆ, ಅವರು ಹೋಗಿಲ್ಲ. ಆ ದಿನ ಓದೋಕೆ ಒಂದಾದ್ರೂ ಹೆಸರು ಇರ್ಲಿ. ಅದನ್ನ ಓದಿದಾಗ ಅವರಿಗೂ ಕೇಳ್ಸುತ್ತೆ."

ಇಪ್ಪತ್ತು ಎಂದೆ. ಅವರು ನಿಂತುಕೊಂಡೇ ಬರೆದರು. ರೆಮಿ ಬ್ರುನೆಲ್, ಪುಸ್ತಕ ಕಟ್ಟುವವನು. ಎರಡೂ ಸಾಲು ಸ್ವಲ್ಪ ಓರೆಯಾಗಿವೆ. ಶಾಯಿ ಒಣಗುವವರೆಗೆ ಯಾರೂ ಪುಟ ಮುಟ್ಟಲಿಲ್ಲ.

ಫೆಬ್ರವರಿ 20

ಬೆಳಿಗ್ಗೆ ಹಿಮ. ಕೆಥೆಡ್ರಲ್‌ನ ಪಕ್ಕದ ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ ನಾವು ಆರು ಜನ: ಫಾದರ್, ನಾನು, ಸೊಲಾಂಜ್, ಗಾಸ್ತೋನ್, ದಿನಾ ಬರುವ ಇಬ್ಬರು ಮುದುಕಿಯರು. ಆನ್ಸೆಲ್ಮ್ ಮತ್ತೆ ಆಸ್ಪತ್ರೆಯಲ್ಲಿದ್ದಾನೆ.

ಪ್ರಾರ್ಥನೆ ಮುಗಿಯಿತು. ಫಾದರ್ ಪುಸ್ತಕ ತೆರೆದು ತಿಂಗಳು, ದಿನ ಓದಿದರು. ಆಮೇಲೆ ಸ್ವಲ್ಪ ಹೊತ್ತು ಏನೂ ಓದಲಿಲ್ಲ. ಕರಗಿಹೋದ ಹೆಸರುಗಳನ್ನು ಓದಲು ಬೇಕಾಗುವಷ್ಟು ಹೊತ್ತು ಎಂದು ಆಮೇಲೆ ಹೊಳೆಯಿತು. ನಂತರ ಒಂದೇ ಹೆಸರು ಓದಿದರು.

ಓದಿದ ಮೇಲೆ ಉಳಿದವರು ಉತ್ತರ ಹೇಳಬೇಕು. 'ಅವರಿಗೆ ಶಾಂತಿ ದೊರೆಯಲಿ' ಎಂದು. ಇಷ್ಟು ತಿಂಗಳು ಹಾಳೆ ಬಿಡಿಸುತ್ತ ಎಷ್ಟೋ ಹೆಸರುಗಳಿಗೆ ಹೇಳಿದ್ದೇನೆ. ಗಂಟೆ ಬಾರಿಸುವವನಿಗೆ ಹೇಳಿದ್ದೇನೆ, ಅರ್ಧ ತೋಟದ ಸಾಹುಕಾರನಿಗೂ ಹೇಳಿದ್ದೇನೆ. ಸೊಲಾಂಜ್ ಹೇಳಿದಳು. ಮುದುಕಿಯರು ಹೇಳಿದರು. ಫಾದರ್ ಪುಸ್ತಕ ಮುಚ್ಚದೆ ನನಗಾಗಿ ಕಾದರು.

ಹೇಳಿದೆ.

ಫೆಬ್ರವರಿ 21

ಇಂದೂ ಹೋದೆ. ಫಾದರ್ ಒಬ್ಬರೇ ಇದ್ದರು, ಮೇಣದಬತ್ತಿ ಆರಿಸುತ್ತಿದ್ದರು.

"ಇವತ್ತಿನ ಪುಟದಲ್ಲಿ ಓದೋಕೆ ಯಾರೂ ಇಲ್ಲ ಮದಾಮ್."

"ಗೊತ್ತು ಫಾದರ್. ಆದ್ರೆ ಆನ್ಸೆಲ್ಮ್ ಇಪ್ಪತ್ತೊಂದು ಅಂತಾನೂ ಹೇಳಿದ್ದ."

ಅವರು ಆರಿಸಿದ್ದ ಬತ್ತಿಯನ್ನು ಮತ್ತೆ ಹಚ್ಚಿ ಪುಸ್ತಕ ತೆರೆದರು. ತಿಂಗಳು ಓದಿದರು, ದಿನ ಓದಿದರು. ಆಮೇಲೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತರು.